ಇಪ್ಪತ್ತೈದಕ್ಕೂ ಮೂವತ್ತೊಂದಕ್ಕೂ ನಡುವೆ

ಗುಜರಿಯ ಮುಖ್ತಾರ್ ಅದನ್ನು ತೂಕಕ್ಕೆ ಹಾಕಿದ್ದ.
ಮರದ ಪೆಟ್ಟಿಗೆ, ನಾಲ್ಕು ಕಿಲೋ ಮುನ್ನೂರು,
ಮೂಲೆ ಹರಿದ ಜರಿಬಟ್ಟೆಯ ಬಾಯಿ,
ದಂತದ ಬಣ್ಣದ ಎರಡು ಗುಂಡಿ,
ಮೂರನೆಯದು ಯಾವುದೋ ಪೆನ್ನಿನ ಮುಚ್ಚಳ.
"ಒಳಗಿನ ತಾಮ್ರ ನಂಗೆ, ಡಬ್ಬಿ ನಿಂಗೆ, ಉಜ್ವಲಾ,
ದುಡ್ಡು ಬೇಡ, ಭಾವನ ದೋಣಿಯ ಬ್ಯಾಟರಿ ನೋಡಿಕೊಡು."
ಬೈತಕೋಲದಲ್ಲಿ ವ್ಯವಹಾರ ಹೀಗೇ.

ಹಿಂಬದಿಯ ರಟ್ಟು ಬಿಚ್ಚಿದೆ.
ಜಿರಲೆಯ ಮೊಟ್ಟೆ, ಮದುವೆ ಕಾಗದದ ಚೂರು,
ಅಂಚೆ ಕಚೇರಿಯ ಮೊಹರು ಬಿದ್ದ ಲೈಸೆನ್ಸು:
ಬರೀ ಕೇಳುವುದಕ್ಕೂ
ವರ್ಷಕ್ಕಿಷ್ಟೆಂದು ಕಟ್ಟಬೇಕಿದ್ದ ಕಾಲ.
ಹೆಸರು ಸೆವೆಂತಿನ್ ರೊಡ್ರಿಗಸ್, ಕೋಡಿಬಾಗ.
ತಗಡಿನ ಮೇಲೆ ಉಪ್ಪುಗಾಳಿ ಬೆಳೆಸಿದ ಹಸಿರು.
ಪಾಚಿಯಲ್ಲ, ಕಿಲುಬೇ ಎಂದು
ಮೂಸಿ ನೋಡಿ ಖಾತ್ರಿ ಮಾಡಿಕೊಂಡೆ.

ನಾನು ಮೀನು ಹುಡುಕುವ ಯಂತ್ರಗಳ ರಿಪೇರಿಯವಳು.
ಬಂಗಡೆಯ ಹಿಂಡು ಪರದೆಯಲ್ಲಿ ಮೋಡವಾಗಿ ಕಾಣದಿದ್ದರೆ
ನನ್ನನ್ನು ಕರೆಯುತ್ತಾರೆ, ಸಂಜೆಗೆ ಬೈಯುತ್ತಾರೆ.
ವಾಲ್ವುಗಳಿದ್ದಲ್ಲಿ ಬೆರಳಗಲದ ಬೋರ್ಡು ಕೂರಿಸಿದೆ.
ಅದರ ಆಂಟೆನಾ ಅಕ್ಕಿಕಾಳಿನಷ್ಟು;
ಹಳೆಯದಕ್ಕೆ ಮಾವಿನ ಮರದಿಂದ ಬಾವಿಕಟ್ಟೆಗೆ ತಂತಿ ಬೇಕಿತ್ತಂತೆ.
ಮುಳ್ಳು ಎಳೆಯುವ ದಾರ ಕೊಳೆತಿತ್ತು, ತಂಗೂಸಿ ಕಟ್ಟಿದೆ,
ಇಸ್ವಾಣ ಜಗ್ಗಿದರೂ ಕಡಿಯದಂಥದ್ದು.

ಗಾಜಿನ ಮೇಲೆ ಊರುಗಳು: ಕೊಲಂಬೊ, ಲಾಹೋರ್, ರಂಗೂನ್.
ಮುಳ್ಳು ಕೊಲಂಬೊಗೆ ಬಂದರೆ ಈಗ ಐಸ್‌ಲ್ಯಾಂಡಿನ ಹವಾಮಾನ.
ಭಾಷೆ ಬಾರದು, ಗಾಳಿ ಜೋರೆಂದು ದನಿಯಲ್ಲೇ ತಿಳಿಯುತ್ತದೆ.
ಲಾಹೋರಿನಲ್ಲಿ ಲಿಸ್ಬನ್. ರಂಗೂನಿನಲ್ಲಿ ಯಾರೋ
ಪಿಟೀಲಿಗಿಂತ ದಪ್ಪ ದನಿಯದ್ದೊಂದನ್ನು
ಬೆಳಗಿನ ತನಕ ಕುಯ್ಯುತ್ತಾರೆ.
ಗುಂಡಿ ಒತ್ತಿದ ಮೇಲೆ ಅರ್ಧ ನಿಮಿಷ ಮೌನ.
ಆಗ ವಾಲ್ವು ಕಾಯುತ್ತಿತ್ತು,
ಈಗ ನಾನು ಕಾಯುತ್ತೇನೆ.

ಎರಡು ಮಾತ್ರ ಬಗೆಹರಿಯಲಿಲ್ಲ.
ಒಂದು, ಗುಂಯ್ ಎಂಬ ಸದ್ದು.
ಏನೂ ಬಾರದಾಗ, ಊರು ಊರುಗಳ ನಡುವೆ,
ಅಗ್ಗದ ಚಾರ್ಜರಿನದೋ ಅರ್ಥಿಂಗಿನದೋ.
ಮೂರು ಕೆಪಾಸಿಟರ್ ಬದಲಿಸಿದೆ, ವೈರು ಹೆಣೆದೆ, ಬಿಚ್ಚಿದೆ,
ಬಿಸ್ಕತ್ತಿನ ಡಬ್ಬಿ ಕತ್ತರಿಸಿ ಅಡ್ಡಗೋಡೆ ಕಟ್ಟಿದೆ.
ಹೋಗಲಿಲ್ಲ.
ಇನ್ನೊಂದು,
ಇಪ್ಪತ್ತೈದು ಮೂವತ್ತೊಂದು ಮೀಟರುಗಳ ನಡುವೆ,
ಊರಿನ ಹೆಸರೇ ಇಲ್ಲದ ಕಡೆ,
ಉಗುರುಬಣ್ಣದಲ್ಲಿ ಎಳೆದ ಕೆಂಪು ಗೀರು.
ಒರೆಸಲೆಂದು ಸ್ಪಿರಿಟಿನಲ್ಲಿ ಹತ್ತಿ ಅದ್ದಿ, ಬಿಟ್ಟೆ.

ಭಾನುವಾರ ಥರ್ಮೊಕೋಲಿನ ಮೀನುಡಬ್ಬದಲ್ಲಿ ರೇಡಿಯೋ ಇಟ್ಟು
ಕೋಡಿಬಾಗಕ್ಕೆ ಹೋದೆ.
ಸೆವೆಂತಿನ್‌ಬಾಯಿಗೆ ಎಂಬತ್ತಾರು.
ಐಸ್‌ಲ್ಯಾಂಡ್ ಕೇಳಿ, "ಪಾದ್ರಿ ಹಾಗೆ ಮಾತಾಡ್ತಾನಲ್ಲ" ಅಂದಳು.
ರಂಗೂನ್ ಹಿಡಿಸಲಿಲ್ಲ.
ಗೀರು ತೋರಿಸಿದೆ. ಇಲ್ಲಿ ಯಾವ ದೇಶ ಬರ್ತಿತ್ತು, ಯಾರ ಹಾಡು?

"ಏನೂ ಬರ್ತಿರಲಿಲ್ಲ. ಅದಕ್ಕೇ ಗುರುತು ಮಾಡಿದ್ದು.
ಸಾಲ್ವಾದೋರ್ ಮೂರು ತಿಂಗಳವ, ರಾತ್ರಿಯಿಡೀ ಅರಚಾಟ,
ಅವನಪ್ಪ ಹಡಗಿನಲ್ಲಿ.
ಹಾಡು ಹಾಕಿದರೂ ಅಳು, ವಾರ್ತೆ ಹಾಕಿದರೂ ಅಳು.
ಅಲ್ಲಿಟ್ಟರೆ ಸುಮ್ಮನೆ ಗುಂಯ್ ಅಂತಿತ್ತು, ಮಲಗ್ತಿದ್ದ.
ನಿದ್ದೆಗಣ್ಣಲ್ಲಿ ಹುಡುಕೋದು ಹೇಗೆ?
ಮುಂಬೈಯಿಂದ ತಂದ ಬಣ್ಣ ಇತ್ತು,
ಉಗುರಿಗೆ ಹಚ್ಚಲು ಪುರುಸೊತ್ತೆಲ್ಲಿ."

ಮುಳ್ಳನ್ನು ಗೀರಿಗೆ ತಂದೆ.
ಗುಂಯ್.
ನಾಚಿಕೆಯಾಯಿತು. ಕಸುಬಿನವಳಿಗೆ ಅದು ತಪ್ಪು.
ಅವಳು ಹರಿದ ಬಟ್ಟೆಗೆ ಕಿವಿಯಿಟ್ಟಳು.
"ಸ್ವಲ್ಪ ದಪ್ಪ ಆಯ್ತು. ಇನ್ನೂ ತೆಳ್ಳಗಿತ್ತು."
ಪೆನ್ನಿನ ಮುಚ್ಚಳವನ್ನು ತಾನೇ ತಿರುಗಿಸಿದಳು,
"ಹಾಂ. ಇಷ್ಟು."

ಅರವತ್ತು ದಾಟಿದ ಕೂಸು
ಹೆಲ್ಮೆಟ್ ಕಳಚದೆ ಬಾಗಿಲಲ್ಲಿ ನಿಂತಿದ್ದ.
"ನಂಗೇನೂ ನೆನಪಿಲ್ಲ" ಅಂದ, ಯಾರೂ ಕೇಳದಿದ್ದರೂ.
ಆಮೇಲೆ ಮೀನು ಹಾಳಾಗ್ತದೆ ಎಂದು ಒಳಗೆ ಹೋದ.

ರೇಡಿಯೋ ಅಲ್ಲೇ ಬಿಟ್ಟು ಬಂದೆ, ಅಗ್ಗದ ಚಾರ್ಜರ್ ಸಮೇತ.
ನೆಟ್ಟಿಲ್ಲದ ಮನೆ ಅದು,
ಕೇಳಿಸಿದ್ದೆಲ್ಲ ನನ್ನ ಫೋನಿನದು.
ನಾನು ತಿರುವು ದಾಟುವಷ್ಟರಲ್ಲಿ
ಕೊಲಂಬೊ ಹೋಗಿರಬೇಕು, ಲಾಹೋರ್, ರಂಗೂನ್ ಹೋಗಿರಬೇಕು,
ಗಾಜಿನ ಉದ್ದಕ್ಕೂ ಈಗ
ಆ ಗೀರೇ.